ಮೋಡೆಮ್ ಬೇರೆ, ರೌಟರ್ ಬೇರೆ: ಬ್ರಿಜ್ ಮೋಡ್ ಮಾಡುವುದು

ವಿಜಯಪುರದ ಮನೆಗಳಿಗೆ ಫೈಬರ್ ಜೊತೆ ಬರುವ ಡಬ್ಬಿ ಸಾಮಾನ್ಯವಾಗಿ ಮೋಡೆಮ್ಮೂ ಹೌದು, ರೌಟರೂ ಹೌದು. ಡಬ್ಬಿಯನ್ನು ಬರೀ ಮೋಡೆಮ್ ಆಗಿಸಿ, ರೌಟರ್ ಕೆಲಸವನ್ನು ನಿಮ್ಮ ಹೊಸ ರೌಟರಿಗೆ ಬಿಡುವುದೇ ಬ್ರಿಜ್ ಮೋಡ್. ಹೀಗೆ ಬೇರೆ ಮಾಡುವ ಮೊದಲು ಪಿಪಿಪಿಒಇ (ಇಂಟರ್‌ನೆಟ್ ಲಾಗಿನ್) ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ನಂಬರ್ (ಲೈನಿನ ಗುರುತಿನ ಸಂಖ್ಯೆ) ಇಂಟರ್‌ನೆಟ್ ಕಂಪನಿಯಿಂದ ಕೇಳಿ ಬರೆದಿಟ್ಟುಕೊಳ್ಳಿ. ಇವಿಲ್ಲದೆ ಡಬ್ಬಿ ಮುಟ್ಟಲೇಬೇಡಿ.

ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಹಳೇ ಸೆಟ್ಟಿಂಗಿನ ಫೋಟೊ ತೆಗೆದು, ಇಂಟರ್‌ನೆಟ್ ಕನೆಕ್ಷನ್ನನ್ನು ರೌಟ್‌ನಿಂದ ಬ್ರಿಜ್‌ಗೆ ಬದಲಿಸಿ, ವೈಫೈ ಆಫ್ ಮಾಡಿ. ಲ್ಯಾಂಡ್‌ಲೈನ್ ಇದ್ದರೆ ವಾಯ್ಸ್ ಕನೆಕ್ಷನ್ ಹಾಗೇ ಇರಲಿ. ಬ್ರಿಜ್‌ಗೆ ಜೋಡಿಸಿದ ಲ್ಯಾನ್ ಪೋರ್ಟಿನಿಂದ ಹೊಸ ರೌಟರಿನ ವ್ಯಾನ್ (ಇಂಟರ್‌ನೆಟ್ ಒಳಬರುವ) ಪೋರ್ಟಿಗೆ ಕೇಬಲ್ ಹಾಕಿ, ಪಿಪಿಪಿಒಇ ವಿವರ ತುಂಬಿ, ಎಂಟಿಯು (ಒಂದು ಡೇಟಾ ಪ್ಯಾಕೆಟಿನ ಗರಿಷ್ಠ ಗಾತ್ರ) 1492 ಇಡಿ. ವಿಲ್ಯಾನ್ ನಂಬರನ್ನು ಡಬ್ಬಿಯಲ್ಲೋ ರೌಟರಿನಲ್ಲೋ ಒಂದೇ ಕಡೆ ಕೊಡಿ, ಎರಡೂ ಕಡೆ ಕೊಟ್ಟರೆ ಲೈನ್ ಏಳುವುದೇ ಇಲ್ಲ.

ಆದರೂ ಕನೆಕ್ಟ್ ಆಗಲಿಲ್ಲವೇ? ಹಳೇ ಸೆಷನ್ ಸಿಕ್ಕಿಕೊಂಡಿರಬಹುದು: ಡಬ್ಬಿಯನ್ನು 10 ನಿಮಿಷ ಆರಿಸಿಡಿ. ಜಗ್ಗದಿದ್ದರೆ ಡಬ್ಬಿಯ ಮ್ಯಾಕ್ ಅಡ್ರೆಸ್ (ಯಂತ್ರದ ಗುರುತಿನ ಸಂಖ್ಯೆ) ಹೊಸ ರೌಟರಿನಲ್ಲಿ ಕ್ಲೋನ್ ಮಾಡಿ, ಅಂದರೆ ಅದನ್ನೇ ನಕಲು ಹಾಕಿ. ಹೊಸ ರೌಟರಿನ ವ್ಯಾನ್ ಐಪಿ (ಹೊರಗಿನ ಅಡ್ರೆಸ್) 192.168ರಿಂದ ಶುರುವಾದರೆ ಬ್ರಿಜ್ ಬಹುತೇಕ ಆಗಿಲ್ಲ ಎಂದೇ ಅರ್ಥ. ಕರೆಂಟ್ ಹೋದಾಗ ಯುಪಿಎಸ್ ಈಗ ಎರಡಕ್ಕೂ ಬೇಕು.