ಹತ್ತು ಗಂಟೆಗೆ ಛತ್ರಿ ಕೆಳಗೆ

"ಫ್ಯಾಮಿಲಿ ರಜೆಗೆ ಮೌಂಟೇನ್ ಬೈಕ್ ಹೊತ್ಕೊಂಡು ಹೋದ್ರೆ ರಜೆನೂ ಕೆಡುತ್ತೆ, ರೈಡೂ ಕೆಡುತ್ತೆ" ಅಂತ ಬೆಟ್ಟದಲ್ಲಿ ಸೈಕಲ್ ಹೊಡೆಯುವ ನಮ್ಮ ಮ್ಯೂನಿಕ್ ರೈಡಿಂಗ್ ಗುಂಪಿನ ಹಿರಿಯರೊಬ್ಬರು ಹೇಳಿದ್ದರು. ಅವರು ಮೂರು ಸಲ ಪ್ರಯತ್ನಪಟ್ಟು ಕೈಬಿಟ್ಟವರು. ನಾನು ಎರಡು ಸಲ ಸೋತೆ, ಮೂರನೇ ಸಲ ಅರ್ಧ ಗೆದ್ದೆ. ಈ ವರ್ಷ ಒಂಬತ್ತು ದಿನದಲ್ಲಿ ಏಳು ರೈಡ್ ಆಯಿತು, ಮನೆಯಲ್ಲಿ ಒಂದೂ ಜಗಳ ಇಲ್ಲ. ಆದ್ದರಿಂದ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ಜಾಗ ಇಟಲಿಯ ಫಿನಾಲೆ ಲಿಗುರೆ. ರೈಡ್ ಮಾಡುವವರಿಗೆ ಈ ಹೆಸರು ಬಿಡಿಸಿ ಹೇಳಬೇಕಿಲ್ಲ. ಎಂಡ್ಯೂರೋ (ಬೆಟ್ಟ ಇಳಿಯುವ ಹಂತಗಳಿಗೆ ಸಮಯ ಎಣಿಸುವ ಸೈಕಲ್ ರೇಸ್) ವರ್ಲ್ಡ್ ಸೀರೀಸ್ ಶುರುವಾದ 2013ರಲ್ಲಿ ಮೊದಲ ಸೀಸನ್ನಿನ ಕೊನೆ ಸುತ್ತು ನಡೆದದ್ದು ಇಲ್ಲೇ. ಸಮುದ್ರದ ಮಟ್ಟದಲ್ಲಿ ಬೀಚು, ತಲೆ ಮೇಲೆ ಸಾವಿರ ಮೀಟರ್ ಬೆಟ್ಟ. ನಮ್ಮ ಮನೆಯಿಂದ ಸುಮಾರು 700 ಕಿಲೋಮೀಟರ್, ಸ್ವಿಟ್ಜರ್ಲೆಂಡಿನ ಸ್ಯಾನ್ ಬರ್ನಾರ್ಡಿನೋ ಸುರಂಗದ ದಾರಿ. ನಮ್ಮ ಬವೇರಿಯಾ ರಾಜ್ಯದಲ್ಲಿ ಪೆಂಟೆಕೋಸ್ಟ್ ಹಬ್ಬಕ್ಕೆ ಶಾಲೆಗಳಿಗೆ ಎರಡು ವಾರ ರಜೆ. ಜುಲೈ ಬಿಸಿಲಿಗಿಂತ ಮೊದಲು ಹೋಗಿಬರಲು ಅದೇ ಸರಿಯಾದ ಸಮಯ.

ಮೊದಲ ವರ್ಷ ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಶಟಲ್, ಅಂದರೆ ಬೈಕ್ ಸಮೇತ ಬೆಟ್ಟದ ಮೇಲೆ ಬಿಡುವ ವ್ಯಾನ್, ಬುಕ್ ಮಾಡಿದೆ. ಬೆಳಿಗ್ಗೆ 9ಕ್ಕೆ ವ್ಯಾನ್, ಮೇಲೆ ನ್ಯಾಟೋ ಬೇಸ್, ಇಳಿಯೋದು, ಮತ್ತೆ ವ್ಯಾನ್. ಪಾಳು ಬಿದ್ದ ಮಿಲಿಟರಿ ಕಟ್ಟಡ, ಪಕ್ಕದಲ್ಲಿ ಗಾಳಿಯಂತ್ರ, ದೂರದಲ್ಲಿ ನೀಲಿ ಸಮುದ್ರ. ಸ್ವರ್ಗ ಕಣ್ರೀ. ಆದರೆ ಇಳಿದು ಮುಗಿಯೋದು ಒಳನಾಡಿನ ಹಳ್ಳಿಗಳ ಕಡೆ. ಅಲ್ಲಿಂದ ಬೀಚಿಗೆ ಬರುವಷ್ಟರಲ್ಲಿ ಸಂಜೆ ನಾಲ್ಕೂವರೆ. ಆ ದಿನವೇ ಮಗನ ಕಾಲಿಗೆ ಜೆಲ್ಲಿ ಫಿಶ್ ತಗುಲಿತ್ತು. ಇವಳು, ನನ್ನ ಹೆಂಡತಿ, ಹನ್ನೊಂದು ಸಲ ಫೋನ್ ಮಾಡಿದ್ದಳು. ಕಣಿವೆಯಲ್ಲಿ ಸಿಗ್ನಲ್ ಇರಲಿಲ್ಲ. ಬಾಗಿಲು ತೆಗೆದು ಅವಳು ಹೇಳಿದ್ದು ಇಷ್ಟೇ: "ಅನ್ನ ಫ್ರಿಜ್‌ನಲ್ಲಿದೆ."

ಎರಡನೇ ವರ್ಷ ಬುದ್ಧಿ ಬಂತು ಅಂದುಕೊಂಡೆ. ಲೆ ಮಾನಿಯೆ ಪ್ರಸ್ಥಭೂಮಿಯ ಕಡೆ ಒಂದು ತೋಟದ ಮನೆ ಹಿಡಿದೆ. ದಿನಕ್ಕೆ 90 ಯೂರೋ ಚಿಲ್ಲರೆ, ಬಾಗಿಲಿನಿಂದ ಟ್ರೇಲ್‌ಗೆ (ಬೆಟ್ಟದ ಸೈಕಲ್ ದಾರಿಗೆ) 200 ಮೀಟರ್. ರೈಡ್ ಮಾಡಿ ಒಂಬತ್ತಕ್ಕೆ ವಾಪಸ್, ಯಾರಿಗೂ ತೊಂದರೆ ಇಲ್ಲ ಅನ್ನುವ ಲೆಕ್ಕ. ಕೆಳಗೆ ಬೀಚಿಗೆ ಏಳು ಕಿಲೋಮೀಟರ್ ತಿರುವು ರಸ್ತೆ ಇರೋದು ಲೆಕ್ಕಕ್ಕೇ ಬಂದಿರಲಿಲ್ಲ. ಮಗ ಎರಡು ಸಲ ವಾಂತಿ ಮಾಡಿಕೊಂಡ. ಕೆಳಗೆ ಪಾರ್ಕಿಂಗ್ ಇನ್ನೊಂದು ಕಥೆ. ಬಿಳಿ ಗೆರೆ ಪುಕ್ಕಟೆ, ನೀಲಿ ಗೆರೆಗೆ ದುಡ್ಡು, ಹಳದಿ ಗೆರೆ ಅಲ್ಲಿನವರಿಗೆ. ಬಿಳಿ ಗೆರೆ ಎಂಟು ಗಂಟೆಗೇ ತುಂಬಿರುತ್ತದೆ. ಅವಸರದಲ್ಲಿ ಹಳದಿಯಲ್ಲಿ ನಿಲ್ಲಿಸಿ 40 ಯೂರೋ ಚಿಲ್ಲರೆ ದಂಡ ಕಟ್ಟಿದೆ. ನೀಲಿ ಗೆರೆಗೆ ದಿನಕ್ಕೆ ಹತ್ತು ಹನ್ನೆರಡು ಯೂರೋ ಹೋಗುತ್ತಿತ್ತು. ಉಳಿಸಿದ ಬಾಡಿಗೆಯೆಲ್ಲ ಹೀಗೇ ಕರಗಿತು.

ವಾಪಸ್ ಬರುವಾಗ ಸ್ವಿಸ್ ಹೆದ್ದಾರಿಯಲ್ಲಿ ನಮ್ಮ ಅತ್ತೆ ಹಿಂದಿನ ಸೀಟಿನಿಂದ ಹೇಳಿದರು: "ಅಳಿಯಂದ್ರೇ, ನೀವು ಎಲ್ಲಿಂದ ಹೊರಡ್ತೀರಿ ಅನ್ನೋದು ನಮಗ್ಯಾಕೆ? ಎಲ್ಲಿಗೆ ಬಂದು ಇಳೀತೀರಿ ಅನ್ನೋದು ಹೇಳಿ." ಅತ್ತೆ ಮೈಸೂರಿನಲ್ಲಿ ಮೂವತ್ತು ವರ್ಷ ಟೀಚರ್ ಆಗಿದ್ದವರು. ಸೈಕಲ್ ಮುಟ್ಟಿದವರೇ ಅಲ್ಲ. ಆದರೂ ಮಾತು ಸರಿಯಾಗಿತ್ತು. ನಾನು ಎರಡು ವರ್ಷವೂ ಟ್ರೇಲ್ ಶುರುವಾಗುವ ಕಡೆಯಿಂದಲೇ ಪ್ಲಾನ್ ಮಾಡಿದ್ದೆ.

ಮೂರನೇ ವರ್ಷ ಉಲ್ಟಾ ಮಾಡಿದೆ. ಮೊದಲು ಮನೆಯವರ ದಿನವನ್ನು ಹಾಳೆ ಮೇಲೆ ಬರೆದೆ. ಮಕ್ಕಳು ಏಳೋದು ಎಂಟಕ್ಕೆ. ತಿಂಡಿ, ಕ್ರೀಮ್ ಹಚ್ಚೋದು, ಬಕೆಟ್ ಹುಡುಕೋದು ಎಲ್ಲ ಮುಗಿದು ಬೀಚ್ ಮುಟ್ಟೋದು ಒಂಬತ್ತೂವರೆಗೆ. ಅಂದರೆ ಐದೂಮುಕ್ಕಾಲಿನಿಂದ ಹತ್ತರವರೆಗಿನ ಹೊತ್ತು ಯಾರದ್ದೂ ಅಲ್ಲ. ನನ್ನ ಟ್ರೇಲ್ ಮುಗಿಯಬೇಕಾದ್ದು ಮನೆಯಲ್ಲಲ್ಲ, ಅವರು ಕೂತ ಛತ್ರಿ ಕೆಳಗೆ. ಹತ್ತು ಗಂಟೆಗೆ. ಇವಳ ಜೊತೆ ಕರಾರು ಆಯಿತು: 15 ನಿಮಿಷಕ್ಕಿಂತ ತಡವಾದರೆ ಮಾರನೇ ದಿನದ ರೈಡ್ ರದ್ದು.

ಮನೆಯನ್ನು ಫಿನಾಲೆಯ ಸಮುದ್ರ ಬದಿಯ ಭಾಗವಾದ ಫಿನಾಲ್‌ಪಿಯಾದಲ್ಲಿ ಹಿಡಿದೆ. ದಿನಕ್ಕೆ 130 ಯೂರೋ ಹತ್ತಿರ. ಗುಂಪಿನವರು ನಕ್ಕರು, ಎಲ್ಲರೂ ಫಿನಾಲ್‌ಬೋರ್ಗೋದಲ್ಲಿ ಇರ್ತಾರಲ್ವಾ, ಬೈಕ್ ಅಂಗಡಿ, ಕೆಫೆ ಎಲ್ಲ ಅಲ್ಲೇ ಅಂತ. ಹಳೇ ಕೋಟೆ ಗೋಡೆಯೊಳಗಿನ ಊರು, ಚೆಂದವೇ. ಆದರೆ ಬೀಚಿಗೆ ಅಲ್ಲಿಂದ ಒಂದು ಕಿಲೋಮೀಟರಿಗೂ ಜಾಸ್ತಿ. ಮಕ್ಕಳು, ಗಾಳಿ ತುಂಬಿದ ಮೊಸಳೆ, ಅತ್ತೆಯ ಮೊಣಕಾಲು, ಇಷ್ಟನ್ನೂ ಅಷ್ಟು ದೂರ ನಡೆಸಿಕೊಂಡು ಹೋಗಿ ನೋಡಿ ಒಮ್ಮೆ. ಫಿನಾಲ್‌ಪಿಯಾದಲ್ಲಿ ನಮ್ಮ ಮನೆಯಿಂದ ಬೀಚಿಗೆ ಮೂರು ನಿಮಿಷ. ಲೆ ಮಾನಿಯೆಗೆ ಹತ್ತುವ ರಸ್ತೆಯೂ ಅಲ್ಲೇ ಶುರು. ಕಾರನ್ನು ಒಂಬತ್ತು ದಿನ ಮುಟ್ಟಲೇ ಇಲ್ಲ. ಬಾಡಿಗೆ ಒಟ್ಟು 350 ಯೂರೋ ಜಾಸ್ತಿಯಾಯಿತು. ಪಾರ್ಕಿಂಗ್, ಪೆಟ್ರೋಲ್, ಮೂರು ದಿನದ ಶಟಲ್ ಕಳೆದರೆ ಕೈ ಬಿಟ್ಟದ್ದು ನೂರರ ಆಸುಪಾಸು.

ಬೀಚ್ ಛತ್ರಿಯ ಗುಟ್ಟು ಒಂದು ಹೇಳುತ್ತೇನೆ. ಅಲ್ಲಿ ಮುಂದಿನ ಸಾಲಿಗೆ ಬೆಲೆ ಜಾಸ್ತಿ, ಹಿಂದಿನ ಸಾಲಿಗೆ ಕಡಿಮೆ. ಎಲ್ಲರೂ ನೀರಿನ ಹತ್ತಿರ ಕೇಳುತ್ತಾರೆ. ನಾನು ಕೊನೆ ಸಾಲಿನಲ್ಲಿ, ಗೋಡೆ ಪಕ್ಕದ ಮೂಲೆ ಕೇಳಿದೆ. ಒಂದು ಛತ್ರಿ, ಎರಡು ಮಲಗುವ ಕುರ್ಚಿಗೆ 25 ಯೂರೋ ಆಯಿತೇನೋ. ಬೈಕನ್ನು ಗೋಡೆ ಮೇಲಿನ ಕಂಬಿಗೆ ಬೀಗ ಹಾಕಿದರೆ ಮಲಗಿದಲ್ಲಿಂದಲೇ ಕಾಣುತ್ತದೆ. ನನ್ನ ಬೈಕಿನ ಬೆಲೆ ಇವಳಿಗೆ ಇನ್ನೂ ಪೂರ್ತಿ ಗೊತ್ತಿಲ್ಲ, ಹಾಗಾಗಿ ಕಣ್ಣಿಗೆ ಕಾಣಬೇಕು.

ಇನ್ನು ರೈಡ್. 5:45ಕ್ಕೆ ಹೊರಟರೆ ಡಾಂಬರು ರಸ್ತೆಯಲ್ಲಿ ಮುನ್ನೂರು ಮೀಟರ್ ಏರು, ನನಗೆ 42 ನಿಮಿಷ. ಮೋಟಾರ್ ಇರುವ ಇ-ಬೈಕಿನವರು ನಗಬಹುದು. ಮೇಲೆ ಪ್ರಸ್ಥಭೂಮಿಯಲ್ಲಿ 24 ಗಂಟೆ ಸೈಕಲ್ ರೇಸಿನ ಸುತ್ತು ಇದೆ. ಅದನ್ನು ಒಂದು ಅಥವಾ ಒಂದೂವರೆ ಸಲ ಹೊಡೆಯುತ್ತೇನೆ. ಬಂಡೆ ಅಂಚಿನಲ್ಲಿ ಹೋಗುವಾಗ ಕೆಳಗೆ ನೇರ ಸಮುದ್ರ, ಹ್ಯಾಂಡಲ್‌ಬಾರ್ ಮೇಲಿನ ನೋಟ ಆಚೆ ಜಾರಿದರೆ ಕಷ್ಟ. ಆಮೇಲೆ ಸಮುದ್ರದ ದಡದ ವಾರಿಗೊಟ್ಟಿ ಊರಿನ ದಿಕ್ಕಿಗೆ ಇಳಿತ. ಅಲ್ಲಿ ಐದಾರು ದಾರಿಗಳಿವೆ. ನಾನು ಇಳಿಯುವುದು ಯಾವುದರಲ್ಲಿ ಅಂತ ಮಾತ್ರ ಹೇಳುವುದಿಲ್ಲ. ಬೆಳಿಗ್ಗೆ ಎಂಟೂವರೆಗೆ ಅಲ್ಲಿ ಒಬ್ಬರೂ ಇರುವುದಿಲ್ಲ, ಹಾಗೇ ಇರಲಿ. ಕೊನೆಯಲ್ಲಿ ಆರೆಲಿಯಾ ರಸ್ತೆ ಸೇರಿ ಸಮುದ್ರದ ಪಕ್ಕದಲ್ಲೇ ಪೆಡಲ್ ಮಾಡಿದರೆ ಫಿನಾಲ್‌ಪಿಯಾ.

ಮೂರನೇ ವರ್ಷ ಅರ್ಧ ಗೆದ್ದೆ ಅಂದೆನಲ್ಲ, ಕಾರಣ ಟೈರು. ನಾನು ಬೆಂಗಳೂರಿನ ಆವಲಹಳ್ಳಿ, ತುರಹಳ್ಳಿಯ ಕೆಂಪು ಮಣ್ಣಿನಲ್ಲಿ ಕಲಿತು, ಮ್ಯೂನಿಕ್‌ನ ಈಸಾರ್ ನದಿ ದಂಡೆಯ ಬೇರುಗಳ ಮೇಲೆ ಬೆಳೆದವನು. ಫಿನಾಲೆಯದ್ದು ಸುಣ್ಣದ ಕಲ್ಲು, ಒಡೆದ ಅಂಚು ಬ್ಲೇಡಿನ ಹಾಗೆ. ಹಗುರ ಇರಲಿ ಅಂತ ತೆಳು ಗೋಡೆಯ ಟೈರಿನಲ್ಲೇ ಹೋಗಿದ್ದೆ. ಎರಡನೇ ದಿನವೇ ಹಿಂದಿನ ಟೈರಿನ ಪಕ್ಕೆ ಹೆಬ್ಬೆರಳುದ್ದ ಸೀಳಿತು. ತೂತು ಮುಚ್ಚುವ ರಬ್ಬರ್ ಪ್ಲಗ್ ಎರಡು ತುರುಕಿದೆ, ಮೂರು ತುರುಕಿದೆ. ಟೈರಿನೊಳಗಿನ ಅಂಟು ದ್ರವ, ಸೀಲೆಂಟ್, ನನ್ನ ಮುಖಕ್ಕೆ ಚಿಮ್ಮಿತು. ಒಳಗೆ ಟ್ಯೂಬ್ ಹಾಕಿ, ಸೀಳಿನ ಮೇಲೆ ಚಿಕ್ಕಿಯ ಪ್ಲಾಸ್ಟಿಕ್ ಮಡಚಿಟ್ಟು ಹೊರಟೆ. ಕಾಲು ಗಂಟೆಗೆ ಅದೂ ಹೋಯಿತು. ತಳ್ಳಿಕೊಂಡು ಬೀಚ್ ಮುಟ್ಟಿದಾಗ 11:20. ಇವಳು ಗಡಿಯಾರ ನೋಡಿದಳು ಅಷ್ಟೆ. ಮಾರನೇ ದಿನ ಆರು ಗಂಟೆಗೆ ಎಚ್ಚರವಾಗಿ ಸೂರು ನೋಡುತ್ತಾ ಮಲಗಿದ್ದೆ.

ಅಲ್ಲೇ ದಪ್ಪ ಗೋಡೆಯ ಎರಡು ಟೈರ್ ಹಾಕಿಸಿದೆ. 140 ಯೂರೋ ಹತ್ತಿರ ಬಿತ್ತು, ಮ್ಯೂನಿಕ್‌ನಲ್ಲಿ ತಗೊಂಡಿದ್ದರೆ 30 ಉಳಿಯುತ್ತಿತ್ತು. ಈಗ ಜರ್ಮನಿಯಿಂದಲೇ ಹಾಕಿಸಿಕೊಂಡು ಹೋಗುತ್ತೇನೆ. ಬ್ರೇಕ್ ಪ್ಯಾಡ್ ಆರ್ಗ್ಯಾನಿಕ್ ಅನ್ನುವ ಮೆತ್ತನೆ ಬಗೆಯದಾದರೆ ನಾಲ್ಕು ದಿನಕ್ಕೆ ತಗಡು ಕಾಣುತ್ತದೆ, ಮೆಟಲ್ ಹಾಕಿ. ಹಿಂದಿನದಕ್ಕೆ ಒಂದು ಜೊತೆ ಹೆಚ್ಚಿಗೆ ಇರಲಿ. ಗಾಳಿ ಒತ್ತಡ ಎಷ್ಟು ಅಂತ ಕೇಳಬೇಡಿ, ಮುಂದೆ ಹಿಂದೆ ನಾನಿಡುವ ವ್ಯತ್ಯಾಸ ನಾಲ್ಕು ವರ್ಷದ ಸಂಪಾದನೆ.

ತಿನ್ನೋದರಲ್ಲೂ ಪ್ರಯೋಗ ನಡೆಯಿತು. ಎನರ್ಜಿ ಜೆಲ್ ಒಂದಕ್ಕೆ ಎರಡೂವರೆ ಯೂರೋ, ರುಚಿ ಕೆಮ್ಮಿನ ಸಿರಪ್‌ನದ್ದು. ಅತ್ತೆ ಪುಳಿಯೋಗರೆ ಉಂಡೆ ಕಟ್ಟಿ ಕೊಟ್ಟರು. ಗ್ಲೌಸ್ ಎಣ್ಣೆಯಾಗಿ ಬ್ರೇಕ್ ಲಿವರ್ ಜಾರತೊಡಗಿತು, ಬೇಡವೇ ಬೇಡ. ಕೋಡುಬಳೆ ಮೊದಲ ಬಂಡೆ ಇಳಿಯುವಷ್ಟರಲ್ಲಿ ಪುಡಿ. ಚಿಕ್ಕಿ ಬಿಸಿಲಿಗೆ ಕವರಿಗೆ ಅಂಟಿಕೊಂಡಿತು. ಕೊನೆಗೆ ನಿಂತದ್ದು ಹುರಿಗಡಲೆ ಮತ್ತು ಬೀಜ ತೆಗೆದ ಖರ್ಜೂರ. ಕೆಳಗೆ ಬಂದಮೇಲೆ ಫೊಕಾಚಾ (ಆಲಿವ್ ಎಣ್ಣೆಯ ಚಪ್ಪಟೆ ಬ್ರೆಡ್) ಕಟ್ಟಿಸಿಕೊಂಡು ಬೀಚಿಗೆ ಹೋಗೋದು. ಬರಿಗೈಯಲ್ಲಿ ಛತ್ರಿ ಕೆಳಗೆ ಹೋಗಬಾರದು, ಇದು ಟೈರಿಗಿಂತ ಮುಖ್ಯ.

ಫರಿನಾಟಾ ಸಿಕ್ಕಿದ ದಿನ ಅತ್ತೆಗೆ ಖುಷಿಯೋ ಖುಷಿ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ ಅಗಲವಾದ ತಾಮ್ರದ ತಟ್ಟೆಯಲ್ಲಿ ಒಲೆಯೊಳಗೆ ಸುಡುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಒಂದು ಚೂರು ಮುರಿದು ಬಾಯಿಗಿಟ್ಟು, "ಇದು ನಮ್ಮ ಕಡಲೆಹಿಟ್ಟಿನ ದೋಸೆ ಅಲ್ವಾ? ಹಸಿಮೆಣಸಿನಕಾಯಿ ಹಾಕೋದು ಮರ್ತಿದ್ದಾರೆ" ಅಂದರು. ಮಾರನೇ ದಿನದಿಂದ ಅವರ ಕೈಚೀಲದಲ್ಲಿ ಚಟ್ನಿಪುಡಿ ಡಬ್ಬಿ.

ಈ ವರ್ಷ ಹೊಸದಾಗಿ ಮಾಡಿದ್ದು ಎರಡು. ಒಂದು, ದಿನದ ಬದಲಿಗೆ ದಿನ. ಇವಳು ಮತ್ತು ಅತ್ತೆ ಬೆಳಿಗ್ಗೆ ರೈಲಿನಲ್ಲಿ ಜಿನೋವಾಗೆ ಹೋಗಿ ರಾತ್ರಿ ಬಂದರು. ಮಕ್ಕಳು ಇಡೀ ದಿನ ನನ್ನ ಜೊತೆ. ಅದಕ್ಕೆ ಪ್ರತಿಯಾಗಿ ಒಂದು ದಿನ ಪೂರ್ತಿ ನನ್ನದು. ಶಟಲ್ ಹತ್ತಿ ನ್ಯಾಟೋ ಬೇಸ್‌ನಿಂದ ನಾಲ್ಕು ಸಲ ಇಳಿದೆ. ಸುಮಾರು 50 ಯೂರೋ, ಒಂದು ಫೋನೂ ಬರಲಿಲ್ಲ.

ಇನ್ನೊಂದು, ಇವಳನ್ನು ಬೈಕ್ ಹತ್ತಿಸಿದ್ದು. ಅರ್ಧ ದಿನಕ್ಕೆ ಒಂದು ಇ-ಬೈಕ್ ಬಾಡಿಗೆ ಹಿಡಿದು ವಾಲ್ ಪೊಂಚಿಗೆ ಕರೆದುಕೊಂಡು ಹೋದೆ. ಕಣಿವೆಯ ಒಳಗೆ ಅಗಲವಾದ ಮಣ್ಣು ದಾರಿ, ಮೇಲೆ ಮರದ ನೆರಳು. ಅದು ರೋಮನ್ನರ ಯೂಲಿಯಾ ಅಗಸ್ಟಾ ರಸ್ತೆ, ಕ್ರಿ.ಪೂ. 13ರಲ್ಲಿ ಚಕ್ರವರ್ತಿ ಅಗಸ್ಟಸ್ ಹಾಕಿಸಿದ್ದು. ದಾರಿಯುದ್ದಕ್ಕೂ ರೋಮನ್ನರ ಕಾಲದ ಸೇತುವೆಗಳು. ಪೋಂತೆ ದೆಲ್ಲೆ ಫಾತೆ ಅನ್ನುವುದು ಇನ್ನೂ ಕಮಾನು ಸಮೇತ ಗಟ್ಟಿಯಾಗಿ ನಿಂತಿದೆ. ಕಮಾನಿನ ಕೆಳಗೆ ಹಳ್ಳ ಬತ್ತಿತ್ತು, ಕಲ್ಲಿನ ಸಂದಿಯಲ್ಲಿ ಹಲ್ಲಿ ಬಿಸಿಲು ಕಾಯಿಸುತ್ತಿತ್ತು. ಇವಳು ಕಲ್ಲನ್ನು ಕೈಯಿಂದ ಸವರಿ, "ನಮ್ಮನೆ ಹತ್ರದ ಅಂಡರ್‌ಪಾಸ್ ಒಂದು ಮಳೆಗೆ ಹೋಗುತ್ತೆ, ನೋಡಿ" ಅಂದಳು. ಬೆಂಗಳೂರಿನ ಮನೆಯ ಮಾತು. ಆಮೇಲೆ ಟರ್ಬೋ ಬಟನ್ ಒತ್ತಿ ಏರಿನಲ್ಲಿ ನನ್ನನ್ನು ದಾಟಿ ಹೋದಳು, ಬೆಲ್ ಹೊಡೆದುಕೊಂಡು.

ಸ್ವಂತ ಬೈಕ್ ಸಾಗಿಸುವವರಿಗೆ ಒಂದು ಮಾತು. ಇಟಲಿಯಲ್ಲಿ ಕಾರಿನ ಹಿಂದೆ ರ‍್ಯಾಕ್ ಚಾಚಿಕೊಂಡಿದ್ದರೆ 50 ಸೆಂಟಿಮೀಟರ್ ಚೌಕದ ಕೆಂಪು-ಬಿಳಿ ಪಟ್ಟೆಯ ಫಲಕ ಕಟ್ಟಬೇಕು. ಮನೆಯಿಂದಲೇ ಕಟ್ಟಿಕೊಂಡು ಹೊರಡಿ. ಒಳ್ಳೆ ಎಂಡ್ಯೂರೋ ಬೈಕ್ ಅಲ್ಲಿ ಬಾಡಿಗೆಗೆ ದಿನಕ್ಕೆ 60-70 ಯೂರೋ, ಏಳು ದಿನಕ್ಕೆ ಲೆಕ್ಕ ಹಾಕಿದರೆ ಸಾಗಿಸೋದೇ ಲಾಭ.

ಮುಂದಿನ ವರ್ಷಕ್ಕೆ ಅದೇ ಮನೆ ಬುಕ್ ಆಗಿದೆ. ವಾಪಸ್ ಬಂದ ತಿಂಗಳಿಗೇ ಇವಳು ಇ-ಬೈಕ್ ತಗೊಂಡಳು. ಒಂಬತ್ತು ವರ್ಷದ ಮಗಳಿಗೂ 24 ಇಂಚಿನ ಬೈಕ್ ಬಂತು, ಅವಳಿಗೆ ವಾಲ್ ಪೊಂಚಿಯ ಸೇತುವೆ ನೋಡಬೇಕಂತೆ. ನಮ್ಮ ರ‍್ಯಾಕ್ ಎರಡೇ ಬೈಕಿನದು. "ನಿಮ್ದು ಅಲ್ಲೇ ಬಾಡಿಗೆಗೆ ತಗೊಳ್ಳಿ ಬಿಡ್ರೀ" ಅನ್ನುತ್ತಿದ್ದಾಳೆ ಇವಳು.