ಎಐಬಿಇ: ಪುಸ್ತಕ ಎದುರಿಗಿದ್ದರೂ ಎಡವುವುದೆಲ್ಲಿ

ಒಂದೊಂದು ವಿಶ್ವವಿದ್ಯಾಲಯ ಒಂದೊಂದು ಬಗೆಯಲ್ಲಿ ಅಂಕ ಕೊಡುತ್ತದೆ. ಎಲ್‌ಎಲ್‌ಬಿ ಅಂಕಪಟ್ಟಿ ನೋಡಿ ವಕೀಲನಿಗೆ ಕಾನೂನಿನ ಮೂಲಪಾಠ ಬರುತ್ತದೋ ಇಲ್ಲವೋ ಎಂದು ಕಕ್ಷಿದಾರ ಹೇಳಲಾರ. ಅದಕ್ಕೇ ಕಾನೂನು ಪದವೀಧರರು ವಕೀಲಿಕೆ ಮಾಡಲು ಪಾಸಾಗಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆ (ಎಐಬಿಇ) 2011ರಿಂದ ನಡೆಯುತ್ತಿದೆ. ಹೀಗೆ ಪರೀಕ್ಷೆ ನಡೆಸುವ ಅಧಿಕಾರ ಭಾರತೀಯ ವಕೀಲರ ಪರಿಷತ್ತಿಗೆ ಇದೆಯೆಂದು 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಹೇಳಿತು. ಇದರಲ್ಲಿ ರ‍್ಯಾಂಕ್ ಇಲ್ಲ, ಪಾಸಾದರೆ ಸಾಕು. ವಾದ ಮಂಡಿಸುವ ಚಾತುರ್ಯವನ್ನಂತೂ ಇದು ಅಳೆಯುವುದೇ ಇಲ್ಲ.

ನೂರು ಬಹು ಆಯ್ಕೆ ಪ್ರಶ್ನೆ, ಮೂರೂವರೆ ಗಂಟೆ. ಪಾಸಾಗಲು ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ ಶೇ 45, ಪರಿಶಿಷ್ಟರಿಗೆ ಶೇ 40. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಅರ್ಜಿ ತುಂಬುವಾಗಲೇ ಭಾಷೆ ಆರಿಸಿಕೊಳ್ಳಿ.

ಓದು ಎಲ್ಲಿಂದ ಶುರು ಮಾಡಬೇಕು? ಸಂವಿಧಾನ, ಸಿವಿಲ್ ಪ್ರಕ್ರಿಯೆ, ಕ್ರಿಮಿನಲ್ ಪ್ರಕ್ರಿಯೆ ತಲಾ 10. ದಂಡ ಕಾನೂನು, ಸಾಕ್ಷ್ಯ ತಲಾ 8. ಈ ಐದರಿಂದಲೇ 46 ಅಂಕ. ಇವನ್ನು ಗಟ್ಟಿ ಮಾಡಿಕೊಂಡು ಕೌಟುಂಬಿಕ ಕಾನೂನು, ಕರಾರು, ವೃತ್ತಿ ನೀತಿಗೆ ಹೋಗಿ.

ಟಿಪ್ಪಣಿಯಿಲ್ಲದ ಬೇರ್ ಆ್ಯಕ್ಟ್, ಅಂದರೆ ಕಾಯ್ದೆಯ ಮೂಲಪಠ್ಯ ಮಾತ್ರ ಇರುವ ಪುಸ್ತಕ, ಪರೀಕ್ಷೆಗೆ ಒಯ್ಯಬಹುದು. ಹೆಚ್ಚಿನವರು ಕೆಡುವುದು ಈ ಸವಲತ್ತು ನಂಬಿಯೇ. ಒಂದು ಪ್ರಶ್ನೆಗೆ ಸಿಗುವುದು ಎರಡು ನಿಮಿಷ. ಅಧ್ಯಾಯಗಳ ಕ್ರಮ ಗೊತ್ತಿಲ್ಲದವರಿಗೆ ಸೆಕ್ಷನ್ ಹುಡುಕುವುದರಲ್ಲೇ ಐದು ನಿಮಿಷ ಹೋಗುತ್ತದೆ. ಗೊತ್ತಿರುವ ಪ್ರಶ್ನೆಗಳನ್ನು ಮೊದಲ ಸುತ್ತಿನಲ್ಲೇ ಮುಗಿಸಿ, ಪುಸ್ತಕ ತೆರೆಯುವುದು ಎರಡನೇ ಸುತ್ತಿಗಿರಲಿ.

2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಬಂದಿವೆ, ಹಳೆಯ ಪುಸ್ತಕ ಹಿಡಿದು ಹೋಗಬೇಡಿ. ಸಂಖ್ಯೆಗಳೂ ಮೋಸ ಮಾಡುತ್ತವೆ. ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಸೆಕ್ಷನ್ 482 ಎಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ. ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ (ಬಿಎನ್‌ಎಸ್‌ಎಸ್) ಅದೇ 482 ನಿರೀಕ್ಷಣಾ ಜಾಮೀನು, ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ. ಕೊಲೆಗೆ ಶಿಕ್ಷೆ ಹೇಳುವ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 302 ಈಗ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 103. ಇಂಥ ಜೋಡಿಗಳ ಪಟ್ಟಿಯನ್ನು ಮನೆಯಲ್ಲೇ ಬರೆದು ಬಾಯಿಪಾಠ ಮಾಡಿ.

ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ. ಕೂತ ತಕ್ಷಣ ಓಎಂಆರ್ ಹಾಳೆಯಲ್ಲಿ ಸೆಟ್ ಕೋಡ್ ತುಂಬಿ, ಪ್ರಶ್ನೆಪತ್ರಿಕೆಯ ಮೇಲಿನದಕ್ಕೆ ತಾಳೆ ನೋಡಿ. ಕೋಡ್ ತಪ್ಪಿದರೆ ನಿಮ್ಮ ಉತ್ತರಗಳನ್ನು ಬೇರೆ ಸೆಟ್ಟಿನ ಕೀಗೆ ಹೋಲಿಸಿದಂತಾಗುತ್ತದೆ.