ಪಿಎಸ್‌ಎ ಏರಿದರೂ ಇಂಜೆಕ್ಷನ್‌ಗೆ ಆತುರಪಡದ ನನ್ನ ಅನುಭವ

ಪ್ರಾಸ್ಟೇಟ್ ಕ್ಯಾನ್ಸರಿಗೆ ರೇಡಿಯೇಶನ್ ಆದ ಕೆಲವು ವರ್ಷಗಳ ಮೇಲೆ ಪಿಎಸ್‌ಎ (ಆ ರೋಗದ ಸುಳಿವು ಕೊಡುವ ರಕ್ತಪರೀಕ್ಷೆಯ ಅಂಕಿ) ಮತ್ತೆ ಏರತೊಡಗಿದಾಗ, ಪುರುಷ ಹಾರ್ಮೋನನ್ನು ತಗ್ಗಿಸುವ ಇಂಜೆಕ್ಷನ್ ಕೂಡಲೇ ಬೇಡ, ಏರಿಕೆಯ ವೇಗ ನೋಡಿ ತೀರ್ಮಾನಿಸೋಣ ಎಂದ ನನ್ನ ಮಾತನ್ನು ಮಾಟುಂಗಾದ ಗೆಳೆಯರಾಗಲಿ, ಠಾಣೆಯಲ್ಲಿರುವ ಅಳಿಯಂದಿರಾಗಲಿ ಒಪ್ಪಲಿಲ್ಲ. ಇಂಜೆಕ್ಷನ್ ಇಲ್ಲದೆಯೇ ಹಿಡಿತ ಸಿಕ್ಕಿರುವುದರಿಂದ ಈಗ ಬರೆಯುತ್ತಿದ್ದೇನೆ.

ರೇಡಿಯೇಶನ್ ಆದ ಮೇಲೆ ನನ್ನ ಅತಿ ಕಡಿಮೆ ಅಂಕಿ 0.3ರ ಆಸುಪಾಸು. ಎರಡನೆಯ ವರ್ಷದಲ್ಲಿ ಅದು 1ರ ಹತ್ತಿರ ಹೋಗಿ ತಾನಾಗಿಯೇ ಇಳಿದಿತ್ತು; ರೇಡಿಯೇಶನ್ ಆದವರಲ್ಲಿ ಅದು ಅಪರೂಪವಲ್ಲ. 2006ರಲ್ಲಿ ಪ್ರಕಟವಾದ ಫೀನಿಕ್ಸ್ ಮಾನದಂಡದಂತೆ ಅತಿ ಕಡಿಮೆ ಅಂಕಿಗೆ 2 ಸೇರಿಸಿದರೆ ಬರುವ ಮಟ್ಟ, ಅಂದರೆ ನನಗೆ 2.3, ಮುಟ್ಟಿದರೆ ಅಥವಾ ದಾಟಿದರೆ ರೋಗ ಮರುಕಳಿಸಿದೆ ಎಂದರ್ಥ. ಅದೇ ದಿನ ಚಿಕಿತ್ಸೆ ಆರಂಭಿಸಬೇಕೆಂದು ಆ ಮಾನದಂಡ ಹೇಳುವುದಿಲ್ಲ. ಇದನ್ನು ಮನೆಯವರಿಗೆ ಮನವರಿಕೆ ಮಾಡಲು ತಿಂಗಳುಗಳೇ ಬೇಕಾದವು.

ಮೊದಲ ತೊಡಕು ಲ್ಯಾಬಿನದು. ಒಂದೇ ವಾರದಲ್ಲಿ ಒಂದು ಕಡೆ 1.9, ಇನ್ನೊಂದು ಕಡೆ 2.6 ಬಂದು ಮನೆಯಲ್ಲಿ ಗಾಬರಿಯಾಯಿತು. ಯಂತ್ರ ಬೇರೆಯಾದರೆ ಅಂಕಿಯೂ ಬೇರೆಯಾಗುತ್ತದೆ. ಆಮೇಲೆ ಒಂದೇ ಲ್ಯಾಬ್, ಮೂರು ತಿಂಗಳಿಗೊಮ್ಮೆ, ಸುಮಾರು ಆರುನೂರು ರೂಪಾಯಿ. ಎರಡನೆಯದು ಸ್ಕ್ಯಾನ್. ಬಂಧುಗಳ ಒತ್ತಾಯಕ್ಕೆ ಅಂಕಿ 1.5 ಇರುವಾಗಲೇ ಪಿಎಸ್‌ಎಂಎ ಪೆಟ್ (ಈ ಕ್ಯಾನ್ಸರ್ ಎಲ್ಲಿದೆಯೆಂದು ಹೊಳೆಯಿಸಿ ತೋರಿಸುವ ಸ್ಕ್ಯಾನ್) ಮಾಡಿಸಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಖರ್ಚಾಯಿತು, ಏನೂ ಕಾಣಲಿಲ್ಲ. ಅಂಕಿ ಕಡಿಮೆಯಿದ್ದಷ್ಟೂ ಅದರಲ್ಲಿ ರೋಗದ ಜಾಗ ಕಾಣುವ ಸಾಧ್ಯತೆಯೂ ಕಡಿಮೆ.

ಬ್ಯಾಂಕಿನಲ್ಲಿ ಲೆಡ್ಜರ್ ನೋಡಿಕೊಂಡವನಾದ್ದರಿಂದ ಪಿಎಸ್‌ಎ ದುಪ್ಪಟ್ಟಾಗುವ ಅವಧಿಯನ್ನು ಲಾಗರಿದಮ್ ಹಾಕಿ ನಾನೇ ಲೆಕ್ಕಹಾಕಿದೆ. ಹದಿನಾಲ್ಕು ತಿಂಗಳು ಬಂತು. ಡಾಕ್ಟರರು ತಮ್ಮ ಕಂಪ್ಯೂಟರಿನಲ್ಲಿ ನೋಡಿದಾಗಲೂ ಹೆಚ್ಚುಕಡಿಮೆ ಅಷ್ಟೇ ಬಂತು, ಅವರು ಮೆಚ್ಚಿದರು. ಯಾವ ಅಂಕಿಗಳನ್ನು ಲೆಕ್ಕದಿಂದ ಬಿಡುತ್ತೇನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಎದುರು ಕೂತು, ಅವರವರ ರಿಪೋರ್ಟ್ ಇಟ್ಟುಕೊಂಡೇ ತೋರಿಸಬೇಕು. ರೋಗ ಮರುಕಳಿಸಿದವರಿಗೆ ಹಾರ್ಮೋನ್ ಚಿಕಿತ್ಸೆ ಕೊಟ್ಟು ನೋಡಿದ, 2023ರಲ್ಲಿ ಪ್ರಕಟವಾದ ಎಂಬಾರ್ಕ್ ಅಧ್ಯಯನ ಈ ಅವಧಿ 9 ತಿಂಗಳು ಅಥವಾ ಅದಕ್ಕಿಂತ ಕಡಿಮೆಯಿದ್ದವರನ್ನೇ ಆರಿಸಿಕೊಂಡಿತ್ತು. ಆದ್ದರಿಂದ ಅವಧಿ 10 ತಿಂಗಳಿಗಿಂತ ಕೆಳಗಿಳಿದರೆ ಅಥವಾ ಅಂಕಿ 5 ಮುಟ್ಟಿದರೆ ಮತ್ತೆ ಸ್ಕ್ಯಾನ್ ಎಂದು ಡಾಕ್ಟರರೊಡನೆ ಒಪ್ಪಂದವಾಯಿತು. ಕ್ಯಾನ್ಸರಿನ ಉಗ್ರತೆ ಹೇಳುವ ಗ್ಲೀಸನ್ ಅಂಕ ನನ್ನದು 7. ಗ್ಲೀಸನ್ 8 ಅಥವಾ ಹೆಚ್ಚಿದ್ದವರು, ರೇಡಿಯೇಶನ್ ಆಗಿ ಒಂದೂವರೆ ವರ್ಷದೊಳಗೇ ಆ ಫೀನಿಕ್ಸ್ ಮಿತಿ ದಾಟಿದವರು ಈ ದಾರಿ ಹಿಡಿಯಬಾರದು.

ಈ ನಡುವೆ ದಾಳಿಂಬೆ ರಸವನ್ನೂ ಟೊಮೆಟೊ ಸಾರನ್ನೂ ಆರು ತಿಂಗಳು ಬಿಡದೆ ಸೇವಿಸಿ ನೋಡಿದೆ. ಪಿಎಸ್‌ಎ ಏರುವ ಗೆರೆಯ ಓರೆ ಕದಲಲಿಲ್ಲ. ದಿನವೂ ಫೈವ್ ಗಾರ್ಡನ್ಸ್‌ನಲ್ಲಿ ನಡೆದದ್ದರಿಂದ ಸಕ್ಕರೆ ಮಾತ್ರ ಇಳಿಯಿತು. ರೇಡಿಯೇಶನ್ ಜೊತೆಗೆ ಕೊಟ್ಟಿದ್ದ ಇಂಜೆಕ್ಷನ್ನುಗಳ ಕಾಲದಲ್ಲಿ ಸಕ್ಕರೆ ಏರಿ, ರಾತ್ರಿಯಿಡೀ ಮೈ ಕಾದು ಬೆವರಿದ್ದು ನೆನಪಿದ್ದುದರಿಂದ, ಇಂಜೆಕ್ಷನ್ ಇಲ್ಲದೆ ಕಳೆದ ಪ್ರತಿ ತಿಂಗಳನ್ನೂ ನಾನು ಲಾಭವೆಂದೇ ಎಣಿಸಿದೆ.

ಅಂಕಿ 5ರ ಸಮೀಪ ಬಂದಾಗ ಮಾಡಿಸಿದ ಸ್ಕ್ಯಾನಿನಲ್ಲಿ ಕಿಬ್ಬೊಟ್ಟೆಯ ಒಂದೇ ಒಂದು ದುಗ್ಧಗ್ರಂಥಿ ಹೊಳೆಯಿತು. ಅದಕ್ಕಷ್ಟೇ ಕೆಲವೇ ಸಿಟ್ಟಿಂಗ್‌ಗಳ ಎಸ್‌ಬಿಆರ್‌ಟಿ (ಒಂದೇ ಜಾಗಕ್ಕೆ ಗುರಿಯಿಟ್ಟು ಕೊಡುವ ರೇಡಿಯೇಶನ್) ಕೊಟ್ಟರು. ಖರ್ಚು ಎರಡು ಲಕ್ಷ ದಾಟಿತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ವಿಮೆ ಭರಿಸಿತು. ಅಂಕಿ 0.6ಕ್ಕೆ ಇಳಿದು, ಎರಡು ವರ್ಷವಾದರೂ 1 ದಾಟಿಲ್ಲ. ಮುಂದೆ ಏರಿದರೂ ಇದೇ ಲ್ಯಾಬ್, ಇದೇ ಲೆಕ್ಕ; ಇಂಜೆಕ್ಷನ್ ಇನ್ನೂ ಕೈಯಲ್ಲಿದೆ. ಅಳಿಯಂದಿರು ಈಗ ತಮ್ಮ ದೊಡ್ಡಪ್ಪನವರ ರಿಪೋರ್ಟುಗಳನ್ನು ನನಗೆ ಕಳಿಸಿದ್ದಾರೆ.